ವಾರದ ಬುಲೆಟಿನ್ ಬರೆಯುವುದು ಹೇಗೆ: ಸಭೆಗೆ ಬಾರದವರನ್ನು ನೆನಪಿಟ್ಟುಕೊಂಡು

ಜುಲೈ 1 ಬಂತು ಅಂದರೆ ರೋಟರಿಯಲ್ಲಿ ಹೊಸ ವರ್ಷ. ಹೊಸ ಅಧ್ಯಕ್ಷರು, ಹೊಸ ಕಾರ್ಯದರ್ಶಿ, ಪದಗ್ರಹಣ, ಹಾರ, ಶಾಲು, ಊಟ. ಹೊರಗೆ ಮಲೆನಾಡಿನ ಮಳೆ ಹಿಡಿದು ಬಿಟ್ಟಿರುವುದಿಲ್ಲ. ಈ ಗಲಾಟೆಯಲ್ಲೇ, ವಾರದ ಸಭೆಯ ಸುದ್ದಿ ಬರೆದು ಸದಸ್ಯರಿಗೆ ಕಳಿಸುವ ಕೆಲಸದ ಜೊತೆ, ಯಾರೋ ಒಬ್ಬರ ಕೈಗೆ ಒಂದು ನೋಟ್‌ಬುಕ್ ಬರುತ್ತದೆ. "ಬುಲೆಟಿನ್ ನೀವೇ ನೋಡ್ಕೊಳ್ಳಿ ಮಾರಾಯ್ರೆ, ನಿಮ್ಮ ಅಕ್ಷರ ಚೆನ್ನಾಗಿದೆ." ನನಗೂ ಹಾಗೇ ಬಂದದ್ದು. ಪೇಟೆಯಲ್ಲಿ ಸ್ಟೇಷನರಿ ಅಂಗಡಿ ಇಟ್ಟವನು ನಾನು, ಪೆನ್ನು ಮಾರುತ್ತೇನೆ ಅಂದಮೇಲೆ ಬರೆಯಲೂ ಬರುತ್ತದೆ ಅಂದುಕೊಂಡರೋ ಏನೋ.

ಈ ವರ್ಷ ನಿಮ್ಮ ಕೈಗೆ ಆ ನೋಟ್‌ಬುಕ್ ಬಂದಿದ್ದರೆ ಇದು ನಿಮಗೆ. ಲಯನ್ಸ್ ಇರಲಿ, ಊರಿನ ಯುವಕ ಸಂಘ ಇರಲಿ, ಕೆಲಸ ಹೆಚ್ಚುಕಡಿಮೆ ಒಂದೇ.

ಮೊದಲು ಓದುವವರು ಯಾರು ಅಂತ ಯೋಚಿಸಿ. ಸಭೆಗೆ ಬಂದವರಿಗೆ ಏನಾಯ್ತು ಅಂತ ಗೊತ್ತು, ಅವರು ಬುಲೆಟಿನ್ ತೆರೆಯುವುದು ತಮ್ಮ ಹೆಸರು ಬಂದಿದೆಯಾ ಅಂತ ನೋಡಲು ಮಾತ್ರ. ನಿಜವಾಗಿ ಓದುವವರು ಬಾರದೇ ಇದ್ದವರು. ನಮ್ಮ ಕಡೆ ಅಂಥವರು ಜಾಸ್ತಿ. ಜುಲೈ, ಆಗಸ್ಟ್‌ನಲ್ಲಿ ರಸ್ತೆ ಮೇಲೆ ಮರ ಬಿದ್ದಿರುತ್ತದೆ, ಕಾಲುಸಂಕದ ಮೇಲೆ ನೀರು ಹರಿಯುತ್ತಿರುತ್ತದೆ. ಮಳೆ ಮುಗಿಯಿತು ಅನ್ನುವಷ್ಟರಲ್ಲಿ ಅಡಿಕೆ ಕೊಯ್ಲು. ಸುಲಿಯಲು ಜನ ಬಂದು ಕೂತಿರುವಾಗ, ಅಂಗಳದಲ್ಲಿ ಒಣ ಹಾಕಿದ ಅಡಿಕೆ ಇರುವಾಗ, ಸಂಜೆ ಏಳೂವರೆಗೆ ಪೇಟೆಗೆ ಬಂದು ಸಭೆಯಲ್ಲಿ ಕೂರಿ ಅಂದರೆ ಯಾರು ಬರುತ್ತಾರೆ? 2016ರಿಂದ ತಿಂಗಳಿಗೆ ಎರಡು ಸಭೆ ನಡೆಸಿದರೂ ಸಾಕು ಅಂತ ರೋಟರಿಯ ನಿಯಮವೇ ಸಡಿಲವಾಗಿದೆ. ನಮ್ಮ ಹಿರಿಯರು ಮಾತ್ರ ವಾರ ತಪ್ಪಿಸಲು ಒಪ್ಪುವುದಿಲ್ಲ. ಹಾಗಾಗಿ ಅರ್ಧ ಕುರ್ಚಿ ಖಾಲಿ, ಬುಲೆಟಿನ್ ಮಾತ್ರ ಐವತ್ತೂ ಚಿಲ್ಲರೆ ಫೋನಿಗೆ ಹೋಗುತ್ತದೆ.

ಇದು ತಲೆಗೆ ಹತ್ತಿದರೆ ಏನು ಬಿಡಬೇಕು ಅನ್ನುವುದು ತಾನಾಗೇ ಗೊತ್ತಾಗುತ್ತದೆ. ನಾನು ಮೊದಲ ವಾರ ಬರೆದದ್ದು ಹೀಗಿತ್ತು: "ಪ್ರಾರ್ಥನೆಯೊಂದಿಗೆ ಸಭೆ ಆರಂಭವಾಯಿತು. ಅಧ್ಯಕ್ಷರು ಸರ್ವರನ್ನೂ ಸ್ವಾಗತಿಸಿದರು. ಕಾರ್ಯದರ್ಶಿಗಳು ವರದಿ ವಾಚಿಸಿದರು. ಅತಿಥಿಗಳು ಆರೋಗ್ಯದ ಮಹತ್ವದ ಕುರಿತು ಸವಿಸ್ತಾರವಾಗಿ ಮಾತನಾಡಿದರು. ವಂದನಾರ್ಪಣೆ ಹಾಗೂ ರಾಷ್ಟ್ರಗೀತೆಯೊಂದಿಗೆ ಸಭೆ ಮುಕ್ತಾಯವಾಯಿತು." ಒಂದು ತಪ್ಪೂ ಇಲ್ಲ, ಒಂದು ವಿಷಯವೂ ಇಲ್ಲ. ಇದನ್ನೇ ದಿನಾಂಕ ಬದಲಾಯಿಸಿ ವರ್ಷಪೂರ್ತಿ ಹಾಕಬಹುದು. ಹಾಕುವವರೂ ಇದ್ದಾರೆ, ಅದು ಬೇರೆ ಮಾತು. ಪ್ರಾರ್ಥನೆ, ಸ್ವಾಗತ, ವಂದನೆ ಎಲ್ಲ ವಾರವೂ ಇರುತ್ತದೆ, ಬರೆಯಬೇಡಿ. ಪ್ರಾರ್ಥನೆ ಹಾಡಿದ್ದು ಸದಸ್ಯರ ಮಗಳಾಗಿದ್ದು, ಅವಳು ಮೊದಲ ಸಲ ಮೈಕ್ ಹಿಡಿದಿದ್ದರೆ ಬರೆಯಿರಿ. ಅದು ಆ ವಾರ ಮಾತ್ರ ನಡೆದದ್ದು.

ಅತಿಥಿಯ ಮಾತಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ಎಲ್ಲರೂ ಎಡವುವುದು ಅಲ್ಲೇ. "ಸವಿಸ್ತಾರವಾಗಿ ಮಾತನಾಡಿದರು" ಅಂತ ಬರೆದರೆ ಬಾರದವನಿಗೆ ಏನು ಸಿಕ್ಕಿತು? ಅವನು ಬಂದಿದ್ದರೆ ಯಾವ ಎರಡು ವಿಷಯ ಮನೆಗೆ ಒಯ್ಯುತ್ತಿದ್ದ, ಅದನ್ನು ಬರೆಯಿರಿ. ಮಂಗನ ಕಾಯಿಲೆ ಬಗ್ಗೆ ಮಾತಾಡಲು ವೈದ್ಯರು ಬಂದಿದ್ದರು ಅಂತಿಟ್ಟುಕೊಳ್ಳಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಇದನ್ನು ಮೊದಲು ಗುರುತಿಸಿದ್ದು ಅನ್ನುವುದು ಒಂದು ಸಾಲಿಗೆ ಸಾಕು, ನಮ್ಮವರಲ್ಲಿ ಅದು ಗೊತ್ತಿಲ್ಲದವರು ಕಡಿಮೆ. ಬೇಕಾದದ್ದು ಮುಂದಿನದು: ಡಿಸೆಂಬರ್‌ನಿಂದ ಮೇವರೆಗೆ ಜಾಗ್ರತೆ ಜಾಸ್ತಿ ಇರಲಿ, ಸೊಪ್ಪು ತರುವ ಕಾಡಿಗೆ, ಅಂದರೆ ಸೊಪ್ಪಿನಬೆಟ್ಟಕ್ಕೆ ಹೋಗುವಾಗ ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಳ್ಳಿ, ಬಂದಮೇಲೆ ಬಿಸಿನೀರು ಸ್ನಾನ ಮಾಡಿ ಮೈಮೇಲೆ ಈ ಕಾಯಿಲೆ ಹರಡುವ ಉಣುಗು (ಉಣ್ಣೆ) ಇದೆಯಾ ನೋಡಿಕೊಳ್ಳಿ, ಮಂಗ ಸತ್ತು ಬಿದ್ದಿದ್ದು ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಯವರಿಗೆ ತಿಳಿಸಿ. ಇಷ್ಟನ್ನು ಬರೆದರೆ ಆ ಬುಲೆಟಿನ್ ತೋಟದ ಕೆಲಸಕ್ಕೆ ಬರುವವರ ಫೋನಿಗೂ ಹೋಗುತ್ತದೆ. ನಮ್ಮದು ಹೋಗಿತ್ತು.

ಆದರೆ ಅಂಕಿ ಬಂದಾಗ ಹುಷಾರು. ನಮ್ಮ ಸಭೆ ನಡೆಯುವ ಹಾಲ್‌ಗೆ ಶೀಟಿನ ಮಾಡು. ಮಳೆ ಜೋರಾದರೆ ಮೈಕ್ ಇದ್ದರೂ ಪಕ್ಕದವನ ಮಾತು ಕೇಳಲ್ಲ. ಒಂದು ಸಲ ಅಡಿಕೆಯ ಕೊಳೆರೋಗದ ಬಗ್ಗೆ ಅನುಭವಸ್ಥ ಕೃಷಿಕರೊಬ್ಬರು ಮಾತಾಡಿದರು. ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಅಂದರು. ನನ್ನ ಕಿವಿಗೆ ಬಿದ್ದದ್ದು ಮೂರು ಲೀಟರ್. ನನಗೆ ತೋಟ ಇಲ್ಲ, ಅನುಮಾನವೂ ಬರಲಿಲ್ಲ, ಹಾಗೇ ಬರೆದು ಕಳಿಸಿ ಮಲಗಿದೆ. ಬೆಳಿಗ್ಗೆ ಆರಕ್ಕೆ ಫೋನ್: "ಏನ್ರೀ, ಮೂರು ಲೀಟರಿಗೆ ಒಂದು ಕೆಜಿನಾ? ಮರ ಉಳೀಬೇಕಾ, ಬೇಡ್ವಾ?" ಅವತ್ತು ಹನ್ನೊಂದು ಗಂಟೆಯೊಳಗೆ ಹದಿನಾಲ್ಕು ಜನಕ್ಕೆ ಉತ್ತರ ಕೊಟ್ಟೆ. ಅದಾದಮೇಲೆ ಅತಿಥಿಗಳು ಮಾತು ಮುಗಿಸಿ ಕಾಫಿ ಕುಡಿಯುವಾಗ ಅವರ ಪಕ್ಕ ಹೋಗಿ ಕೂರುತ್ತೇನೆ. ಅಳತೆ, ದಿನ, ಔಷಧಿ ಹೆಸರು, ಅವರ ಹೆಸರಿನ ಇನಿಷಿಯಲ್ ಎಲ್ಲ ಅವರ ಕೈಯಲ್ಲೇ ಒಂದು ಚೀಟಿ ಮೇಲೆ ಬರೆಸಿಕೊಳ್ಳುತ್ತೇನೆ. ಯಾರೂ ಬೇಸರ ಮಾಡಿಕೊಂಡಿಲ್ಲ. ಕೆಲವರು ಸಭೆಯಲ್ಲಿ ಹೇಳಲು ಮರೆತದ್ದನ್ನೂ ಬರೆದು ಕೊಡುತ್ತಾರೆ. ಆ ಕೃಷಿಕರೇ ಆಮೇಲೆ ಹೇಳಿದರು, ದ್ರಾವಣಕ್ಕೆ ಕಬ್ಬಿಣದ ಕತ್ತಿ ಅದ್ದಿ ನೋಡಿ, ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ತಿದ್ದುಪಡಿ ಜೊತೆ ಅದನ್ನೂ ಹಾಕಿದೆ.

ತಿದ್ದುಪಡಿ ಅಂದೆನಲ್ಲ, ಅದು ಮೇಲ್ಗಡೆಯೇ ಬರಬೇಕು. ಮುಂದಿನ ವಾರದ ಕೊನೆ ಸಾಲಿನಲ್ಲಿ ಅಡಗಿಸಿ ಇಡಬೇಡಿ. ತಪ್ಪು ಓದಿದವರಿಗೇ ಅದು ತಲುಪಬೇಕು, ಅದೂ ಅವತ್ತೇ.

ಸೇವಾ ಕಾರ್ಯಕ್ರಮದ ವರದಿಗೂ ಅಂಕಿ ಬೇಕು, ಹೊಗಳಿಕೆ ಬೇಡ. "ಯಶಸ್ವಿ ರಕ್ತದಾನ ಶಿಬಿರ" ಅಂತ ಬರೆಯುವ ಬದಲು ಎಷ್ಟು ಜನ ಬಂದರು, ಎಷ್ಟು ಯೂನಿಟ್ ಆಯ್ತು, ಯಾವ ರಕ್ತನಿಧಿಗೆ ಹೋಯ್ತು ಅಂತ ಬರೆಯಿರಿ. ಬಂದವರಿಗಿಂತ ಯೂನಿಟ್ ಕಡಿಮೆ ಇದ್ದೇ ಇರುತ್ತದೆ. ತೂಕ 45 ಕೆಜಿ ಇರಬೇಕು, ಹಿಮೋಗ್ಲೋಬಿನ್ 12.5 ಇರಬೇಕು, ಇಲ್ಲದಿದ್ದರೆ ವಾಪಸ್ ಕಳಿಸುತ್ತಾರೆ. ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಇಷ್ಟು ಜನ ವಾಪಸ್ ಹೋದರು ಅಂತ ಸಂಖ್ಯೆ ಬರೆದರೆ ಮುಂದಿನ ಸಲ ಹೇಗೆ ತಯಾರಾಗಬೇಕು ಅಂತ ಗೊತ್ತಾಗುತ್ತದೆ. ಯಾರು ವಾಪಸ್ ಹೋದರು, ಯಾಕೆ ಅಂತ ಮಾತ್ರ ಖಂಡಿತ ಬರೆಯಬೇಡಿ. ಸಣ್ಣ ಊರು, ಬಿಪಿ ಮಾತ್ರೆ ತಗೊಳ್ತಾರಂತೆ ಅನ್ನುವ ಸುದ್ದಿ ಅವರಿಗಿಂತ ಮೊದಲು ಅವರ ಮನೆ ಮುಟ್ಟುತ್ತದೆ. ಜೊತೆಗೆ ಒಂದು ಉಪಯೋಗದ ಸಾಲು ಸೇರಿಸಿ: ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಕಳೆದ ಮೇಲೆ ಮತ್ತೆ ಕೊಡಬಹುದು. ಯಾರಿಗೋ ತುರ್ತಾಗಿ ರಕ್ತ ಬೇಕಾದಾಗ ಆ ಹಳೇ ಬುಲೆಟಿನ್ ಹುಡುಕುತ್ತಾರೆ.

ಫೋಟೋ. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಒಂದು ನೋಟ್‌ಬುಕ್, ಅದನ್ನು ಹಿಡಿದ ಆರು ಜನ ದೊಡ್ಡವರು, ಅವರ ಹಿಂದೆ ಎಲ್ಲೋ ಅರ್ಧ ತಲೆ ಕಾಣುವ ಒಂದು ಮಗು. ಈ ಫೋಟೋ ನೀವೂ ನೋಡಿದ್ದೀರಿ ಅಲ್ವಾ? ಅದರ ಬದಲು ಶಾಲೆಗೆ ಹಾಕಿಸಿದ ನಲ್ಲಿಯಿಂದ ನೀರು ಬರುತ್ತಿರುವುದನ್ನು ತೆಗೆಯಿರಿ. ಸಹಾಯ ಪಡೆದವರ ಮುಖ ಬೇಡ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತ ಅಜ್ಜಿಯರ ಸಾಲಂತೂ ಬೇಡವೇ ಬೇಡ. ಅಧ್ಯಕ್ಷರಿಗೆ ಬೇಸರ ಆದರೆ ಅವರದೊಂದು ಫೋಟೋ ಬೇರೆ ಹಾಕಿ, ಜಗಳ ಯಾಕೆ.

ಹೆಸರುಗಳ ವಿಷಯ. ನಮ್ಮಲ್ಲಿ ಮಂಜುನಾಥ್ ಅನ್ನುವವರೇ ಮೂವರು. ಬಟ್ಟೆ ಅಂಗಡಿ, ಎಲ್‌ಐಸಿ, ಆರಾ ಮಿಲ್ಲು ಅಂತ ಮಾತಿನಲ್ಲಿ ನಡೆಯುತ್ತದೆ, ಬರಹದಲ್ಲಿ ಇನಿಷಿಯಲ್ ಬೇಕು. ಎಲ್ಲರ ಹೆಸರನ್ನೂ ಅವರು ಬರೆಯುವ ಹಾಗೆಯೇ ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಿ. ಮಹಿಳಾ ಸದಸ್ಯರನ್ನು "ಶ್ರೀಮತಿ ಇಂಥವರು" ಅಂತ ಗಂಡನ ಹೆಸರಿನಲ್ಲಿ ಬರೆಯುವ ಚಟ ಇನ್ನೂ ಇದೆ. ರೋಟರಿ 1989ರಲ್ಲೇ ಜಗತ್ತಿನಾದ್ಯಂತ ಮಹಿಳೆಯರಿಗೆ ಸದಸ್ಯತ್ವ ತೆರೆದಿದೆ. ಚಂದಾ ಅವರೇ ಕಟ್ಟುತ್ತಾರೆ, ಹೆಸರೂ ಅವರದೇ ಬರಲಿ.

ಸಭೆಯಲ್ಲಿ ಬರೆದುಕೊಳ್ಳುವಾಗ ಒಂದು ಕಣ್ಣು ಸಾರ್ಜೆಂಟ್ ಕಡೆ, ಅಂದರೆ ಸಭೆಯ ಶಿಸ್ತು ನೋಡಿಕೊಳ್ಳುವ ಸದಸ್ಯರ ಕಡೆ ಇರಲಿ. ತಡವಾಗಿ ಬಂದವರಿಗೆ, ಕ್ಲಬ್ಬಿನ ಪಿನ್ ಹಾಕದವರಿಗೆ ತಮಾಷೆಗೆ ದಂಡ ಹಾಕುತ್ತಾರಲ್ಲ, ಆಗಲೇ ಜನ ನಿಜವಾಗಿ ಬಾಯಿ ಬಿಡುವುದು. ಮಗಳಿಗೆ ಸೀಟ್ ಸಿಕ್ಕಿತು, ಹಸು ಕರು ಹಾಕಿತು, ಆಪರೇಷನ್ ಆಗಿ ಮನೆಗೆ ಬಂದೆ ಅಂತ ಡಬ್ಬಿಗೆ ನೂರು ರೂಪಾಯಿ ಹಾಕುತ್ತಾರೆ. ಬಾರದವರು ಮೊದಲು ಓದುವುದು ಈ ಸಾಲುಗಳನ್ನೇ. ತಮಾಷೆಯಲ್ಲಿ ಚುಚ್ಚಿದ ಮಾತು ಮಾತ್ರ ಅಲ್ಲೇ ಬಿಟ್ಟುಬನ್ನಿ, ನಗು ಇಲ್ಲದೆ ಓದಿದರೆ ಅದು ಬರೀ ಚುಚ್ಚುಮಾತು.

ಏನು ಬರೆಯಬೇಕು ಅಂತ ಅನುಮಾನ ಬಂದರೆ ಸಭೆಯ ಗೋಡೆ ಮೇಲೆ ತೂಗುಹಾಕಿರುವ ರೋಟರಿಯ ನಾಲ್ಕು ಪ್ರಶ್ನೆ (ಫೋರ್ ವೇ ಟೆಸ್ಟ್) ನೋಡಿ. 1932ರಲ್ಲಿ ಹರ್ಬರ್ಟ್ ಟೇಲರ್ ಅನ್ನುವವರು ಮುಳುಗುತ್ತಿದ್ದ ಪಾತ್ರೆ ಕಂಪನಿಯೊಂದನ್ನು ಎತ್ತಿ ನಿಲ್ಲಿಸಲು ಬರೆದವು ಅವು. ಇದು ಸತ್ಯವೇ, ಸಂಬಂಧಪಟ್ಟ ಎಲ್ಲರಿಗೂ ನ್ಯಾಯವೇ ಅನ್ನುವ ಮೊದಲ ಎರಡು ಪ್ರಶ್ನೆ ಬುಲೆಟಿನ್‌ಗೆ ಸಾಕು. ವಾರವಾರ ಒಟ್ಟಾಗಿ ಓದಿ ಹೇಳುತ್ತೇವೆ, ಆಮೇಲೆ 22 ಜನ ಬಂದಿದ್ದನ್ನು 40 ಅಂತ ಬರೆಯುತ್ತೇವೆ!

ಇನ್ನು ಕಳಿಸುವುದು. ಅವತ್ತು ರಾತ್ರಿಯೇ ಬರೆದುಬಿಡಿ, ನಾಳೆ ಅಂದರೆ ಮುಂದಿನ ವಾರ ಅಂತಲೇ ಲೆಕ್ಕ. ಬಣ್ಣಬಣ್ಣದ ಪಿಡಿಎಫ್ ಮಾಡುವ ಆಸೆ ಬೇಡ. ಪೇಟೆಯಿಂದ ಹತ್ತು ಕಿಲೋಮೀಟರ್ ಒಳಗೆ ಹೋದರೆ ನೆಟ್‌ವರ್ಕ್ ಸಿಗುವುದು ಬೇಲಿಯ ಗೇಟಾದ ದಣಪೆ ಹತ್ತಿರವೋ, ಅಟ್ಟದ ಕಿಟಕಿ ಹತ್ತಿರವೋ. ಅಲ್ಲಿ ನಿಂತವರಿಗೆ ವಾಟ್ಸಾಪಿನಲ್ಲಿ ಬರೀ ಅಕ್ಷರ ಬಂದರೆ ಸಾಕು. ಉದ್ದ ಮೆಸೇಜಿನಲ್ಲಿ ಮೊದಲ ಕೆಲವು ಸಾಲು ಮಾತ್ರ ಕಾಣಿಸುತ್ತದೆ, ಉಳಿದದ್ದಕ್ಕೆ ಒತ್ತಬೇಕು. ಹಾಗಾಗಿ ಮುಂದಿನ ಸಭೆ ಎಲ್ಲಿ, ಎಷ್ಟು ಗಂಟೆಗೆ, ಊಟ ಇದೆಯೋ ಇಲ್ಲವೋ ಅನ್ನುವುದನ್ನು ಮೊದಲ ಸಾಲಲ್ಲೇ ಹಾಕಿ. ಊಟದ ವಿಷಯ ಸುಮ್ನೆ ಹೇಳಿದ್ದಲ್ಲ. ಯಾರು ಬರುತ್ತಾರೆ ಅಂತ ಹಿಂದಿನ ದಿನವೇ ಗೊತ್ತಾದರೆ ಅಡುಗೆಯವರಿಗೆ ಲೆಕ್ಕ ಕೊಡಬಹುದು.

ಯೂನಿಕೋಡಿನಲ್ಲೇ ಬರೆಯಿರಿ. ಹಳೇ ನುಡಿ ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿ ವಾಟ್ಸಾಪಿಗೆ ಹಾಕಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಬರುತ್ತದೆ. ಸ್ಥಳೀಯ ಪತ್ರಿಕೆಯವರು ನುಡಿಯಲ್ಲೇ ಬೇಕು ಅಂದರೆ ಪರಿವರ್ತಿಸಿ ಕೊಡಿ, ಕೊಡುವ ಮುಂಚೆ ಒತ್ತಕ್ಷರ ಒಮ್ಮೆ ನೋಡಿ. ಪತ್ರಿಕೆಗೆ ಎಂಟು ಸಾಲು ಸಾಕು, ಹಸು ಕರು ಹಾಕಿದ್ದು ಅಲ್ಲಿ ಬೇಡ. ಫೋನ್ ಬಳಸದ ಹಿರಿಯರು ನಾಲ್ಕೈದು ಜನ ಇದ್ದೇ ಇರುತ್ತಾರೆ. ಅವರಿಗೆ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಅವರು ದಿನಾ ಹೋಗುವ ಅಂಗಡಿಯಲ್ಲೋ, ಹಾಲಿನ ಡೇರಿಯಲ್ಲೋ ಕೊಟ್ಟಿಡಿ. ನಮ್ಮ ಒಬ್ಬ ಹಿರಿಯರು ಮೂರು ಮಳೆಗಾಲದಿಂದ ಸಭೆಗೆ ಬಂದಿಲ್ಲ, ಮೊಣಕಾಲು ನೋವು. ಆದರೆ ಪ್ರಿಂಟ್ ಒಂದು ದಿನ ತಡವಾದರೆ ಡೇರಿಯವರ ಫೋನಿನಿಂದ ನನಗೆ ಕರೆ ಬರುತ್ತದೆ.

ಜೂನ್ 30ಕ್ಕೆ ನಿಮ್ಮ ಸರದಿ ಮುಗಿಯುತ್ತದೆ. ನೋಟ್‌ಬುಕ್, ಹೆಸರಿನ ಪಟ್ಟಿ, ಫೋಟೋ ಇರುವ ಪೆನ್‌ಡ್ರೈವ್, ಯಾರಿಗೆ ಎಲ್ಲಿ ಪ್ರಿಂಟ್ ಕೊಡಬೇಕು ಅನ್ನುವುದು, ಎಲ್ಲ ಒಂದು ಚೀಲದಲ್ಲಿ ಹಾಕಿ ಮುಂದಿನವರಿಗೆ ಕೊಡಿ. ಕೊಡುವ ಮುಂಚೆ ಕೊನೆಯ ಪುಟ ಒಮ್ಮೆ ತಿರುವಿ ನೋಡಿ. ನನಗೆ ಬಂದ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಪೆನ್ಸಿಲ್‌ನಲ್ಲಿ ಬರೆದಿತ್ತು: "ಶಾಮಿಯಾನದವರಿಗೆ 1,200 ಬಾಕಿ." ಖಜಾಂಚಿಯನ್ನು ಕೇಳಿದೆ, ನಕ್ಕರು. ಶಾಮಿಯಾನದವರನ್ನು ಕೇಳಿದೆ, ಅವರು ನಗಲಿಲ್ಲ.