ಕೌಣ ಭಾಷೆಯ ಉಚ್ಚಾರ: ನಮ್ಮ ಕಾಗುಣಿತದಿಂದಲೇ ಶುರು ಮಾಡಿ

ಅಡಿಲೇಡ್‌ಗೆ ಬಂದ ಹೊಸದರಲ್ಲಿ ಇಲ್ಲಿನ ಮೂಲನಿವಾಸಿಗಳ ಹೆಸರನ್ನು ಬೋರ್ಡಿನಲ್ಲಿದ್ದಂತೆ 'ಕೌರ್ನಾ' ಅಂತಲೇ ಓದುತ್ತಿದ್ದೆ. ಅದು ಕೌಣ. ಇಂಗ್ಲಿಷ್ ಬರಹದಲ್ಲಿ 'ನ', 'ಲ', 'ಟ'ಗಳ ಹಿಂದೆ ನಿಂತ 'ರ್' ಓದುವುದಕ್ಕಲ್ಲ, ನಾಲಿಗೆ ಮಡಚಿ ಅನ್ನುವ ಸೂಚನೆ: ಣ, ಳ, ಟ. ಇಲ್ಲಿನವರು ವಾರಗಟ್ಟಲೆ ತಿಣುಕುವ ಜಾಗದಲ್ಲಿ ನಮಗೆ ಪುಕ್ಕಟೆ ಪಾಸು.

ಈಗ ಹಾಳೆಯ ಮೇಲೆ ಕ-ವರ್ಗದಿಂದ ಪ-ವರ್ಗದವರೆಗೆ ಬರೆದು, ಪ್ರತಿ ಸಾಲಿನ ನಡುವಿನ ಮೂರಕ್ಷರ ಹೊಡೆದುಹಾಕಿ. ಶ, ಷ, ಸ, ಹ ಕೂಡ ಬೇಡ. ಸ್ವರಗಳಲ್ಲಿ ಎ, ಒ ಇಲ್ಲ. ಅ, ಇ, ಉ, ಅವುಗಳ ದೀರ್ಘ, ಜೊತೆಗೆ ಐ, ಔ ತರಹದವು ಸಾಕು. ಪ ಅಂದರೂ ಬ ಅಂದರೂ ಅರ್ಥ ಬದಲಾಗದು. ಹಳೆಯ ಬೋರ್ಡಿನಲ್ಲಿ 'ಡ', ಹೊಸದರಲ್ಲಿ 'ಟ' ಕಂಡರೆ ಗಾಬರಿ ಬೇಡ, 2010ರಲ್ಲಿ ಕಾಗುಣಿತ ತಿದ್ದಿದ್ದಾರೆ.

ನಮ್ಮಲ್ಲಿಲ್ಲದ್ದು ತ ಮತ್ತು ಟ ನಡುವಿನದು. ನಾಲಿಗೆಯ ತುದಿ ಹಲ್ಲಿಗೂ ತಾಗಬಾರದು, ಹಿಂದಕ್ಕೂ ಮಡಚಬಾರದು. ಹಲ್ಲಿನ ಹಿಂದಿನ ಒಸಡಿಗೆ ತಾಗಲಿ.

ಒದ್ದಾಟವೆಲ್ಲ 'ಙ'ದು. ಒಂದನೇ ಕ್ಲಾಸಿನಲ್ಲಿ ರಾಗವಾಗಿ ಹೇಳಿ ಆಮೇಲೆ ಮರೆತ ಅಕ್ಷರ! ಇಲ್ಲಿ ಪದ ಶುರುವಾಗುವುದೇ ಅದರಿಂದ: 'ಙಾಯ್' ಅಂದರೆ ನಾನು. 'ಅಙ್ಙಾಯ್' ಅಂತ ಹತ್ತು ಸಲ ಹೇಳಿ, ಅ-ವನ್ನು ಸಣ್ಣದು ಮಾಡುತ್ತಾ ಬನ್ನಿ. ನನಗೆ ಎರಡು ವಾರ ಬರೀ 'ನಾಯ್' ಬಂತು. ಫೋನಿನಲ್ಲಿ ಕೇಳಿದ ಅಮ್ಮ, "ಯಾರಿಗೋ ನಾಯಿ ಅಂತಿದ್ದೀಯಲ್ಲೋ" ಅಂದರು.

ಬೆಂಕಿಗೆ 'ಕಡ್ಳ'. ಡ ಬಿಡಿಸಿ ಹೇಳಬೇಡಿ. ಮಡಚಿದ ನಾಲಿಗೆಯನ್ನು ಎತ್ತದೆ ಪಕ್ಕದಿಂದ ಗಾಳಿ ಬಿಟ್ಟರೆ ಳ ತಾನೇ ಬರುತ್ತದೆ. ಒತ್ತು ಯಾವಾಗಲೂ ಮೊದಲ ಅಕ್ಷರಕ್ಕೆ.

ಇಷ್ಟಾದ ಮೇಲೆ ಮಾತಾಡಿಸಿ: "ನೀನ ಮಣಿ?" ಚೆನ್ನಾಗಿದ್ದೀಯಾ ಅಂತ. ಉತ್ತರ, "ಮಣಿ ಆಯ್." ಹೌದು, 'ನೀನ' ಅಂದರೆ ನೀನೇ. ಕಾಕತಾಳೀಯ ಅಷ್ಟೆ, ದ್ರಾವಿಡ ನಂಟು ಅಂತ ವಾಟ್ಸಾಪಿನಲ್ಲಿ ಹಂಚಬೇಡಿ.

ಕೊನೆಯ ಭಾಷಿಕರು ಎನ್ನಲಾಗುವ ಇವಾರಿಟ್ಜಿ 1929ರಲ್ಲಿ ತೀರಿಕೊಂಡರು. ಟೈಷೆಲ್ಮನ್, ಶೂರ್ಮನ್ ಎಂಬ ಜರ್ಮನ್ ಮಿಷನರಿಗಳು 1840ರಲ್ಲಿ ಅಚ್ಚು ಹಾಕಿಸಿದ ವ್ಯಾಕರಣ, ಪದಪಟ್ಟಿಯೇ ಈಗಿನ ಕಲಿಕೆಗೆ ಬುನಾದಿ. ಆ ಮಿಷನರಿಗಳ ಕಿವಿಗೆ ಸಿಗದ ವ್ಯತ್ಯಾಸಗಳನ್ನು ಈಗಿನವರು ಅಕ್ಕಪಕ್ಕದ ಭಾಷೆಗಳಿಂದ ಊಹಿಸಿದ್ದಾರೆ. ಹಾಗಾಗಿ ಕೌಣ ಜನರೇ ಮಾತಾಡಿದ ಧ್ವನಿಮುದ್ರಿಕೆ ಸಿಕ್ಕರೆ ನನ್ನ ಮಾತು ಬಿಡಿ, ಅದನ್ನೇ ಅನುಸರಿಸಿ. 'ಸತ್ತ ಭಾಷೆ' ಅಂತ ಮಾತ್ರ ಅವರ ಮುಂದೆ ಅನ್ನಬೇಡಿ. ಮಲಗಿತ್ತು, ಎಬ್ಬಿಸುತ್ತಿದ್ದೇವೆ ಅನ್ನುತ್ತಾರೆ.