ಹಳೆಯ ಏಸಿಯ ಗ್ಯಾಸ್ ಮಾರುಕಟ್ಟೆಯಿಂದ ಮರೆಯಾಗುವಾಗ ಮನೆಯವರು ಮಾಡಬೇಕಾದದ್ದು

ಮೊದಲು ಏಸಿಯ ಹೊರಘಟಕಕ್ಕೆ ಅಂಟಿಸಿರುವ ಫಲಕವನ್ನು ಓದಿ, ಅದರಲ್ಲಿರುವ ಶೀತಕ ಅನಿಲ ಯಾವುದೆಂದು ತಿಳಿದುಕೊಳ್ಳಿ. ಅಲ್ಲಿ ಆರ್-22 ಎಂದಿದ್ದರೆ, ಓಝೋನ್ ಪದರವನ್ನು ಕೆಡಿಸುವ ಈ ಅನಿಲವನ್ನು 1987ರ ಮಾಂಟ್ರಿಯಲ್ ಒಪ್ಪಂದದ ಅನ್ವಯ ಹಂತಹಂತವಾಗಿ ಕೈಬಿಡಲಾಗುತ್ತಿದೆ; ಅಭಿವೃದ್ಧಿ ಹೊಂದಿದ ದೇಶಗಳಲ್ಲಿ 2020ರಲ್ಲೇ ಅದು ಬಹುತೇಕ ನಿಂತಿದ್ದು, ಅಭಿವೃದ್ಧಿಶೀಲ ದೇಶಗಳಿಗೆ 2030ರ ಗಡುವಿದೆ. ಇನ್ನೊಂದು ಶೀತಕವಾದ ಆರ್-410ಎ ಓಝೋನಿಗೆ ಹಾನಿ ಮಾಡದಿದ್ದರೂ ಭೂಮಿಯ ತಾಪವನ್ನು ಬಹಳ ಹೆಚ್ಚಿಸುವುದರಿಂದ, ಅದೇ ಒಪ್ಪಂದಕ್ಕೆ 2016ರಲ್ಲಿ ಮಾಡಿದ ಕಿಗಾಲಿ ತಿದ್ದುಪಡಿಯು ಅಂಥ ಅನಿಲಗಳನ್ನೂ ಕಡಿತಗೊಳಿಸುತ್ತಿದೆ.

ಹಾಗೆಂದು ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಅವಸರದಿಂದ ಬದಲಿಸಬೇಕಾಗಿಲ್ಲ. ಶೀತಕವು ಪೆಟ್ರೋಲಿನಂತೆ ಬಳಸಿದಷ್ಟೂ ಖರ್ಚಾಗುವ ವಸ್ತುವಲ್ಲ; ಅದು ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ಆದ್ದರಿಂದ ಗ್ಯಾಸ್ ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿಕೆಯಿದೆ ಎಂದೇ ಅರ್ಥ. ಸೋರುವ ಜಾಗವನ್ನು ಹುಡುಕಿ ಸರಿಪಡಿಸದೆ ವರ್ಷವರ್ಷವೂ ತುಂಬಿಸುವುದು ಹಣಕ್ಕೂ ವಾತಾವರಣಕ್ಕೂ ನಷ್ಟ, ಅದಕ್ಕೆ ದಯವಿಟ್ಟು ಒಪ್ಪಬೇಡಿ. ದುರಸ್ತಿಯ ನಂತರ, ಹಳೆಯ ಯಂತ್ರಗಳಿಂದ ಸಂಗ್ರಹಿಸಿ ಶುದ್ಧೀಕರಿಸಿದ ಆರ್-22 ದೊರೆಯುವುದೇ ಎಂದು ವಿಚಾರಿಸಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು: ಆರ್-22ರ ಯಂತ್ರಕ್ಕೆ ಆರ್-410ಎ ತುಂಬಿಸಬಾರದು, ಏಕೆಂದರೆ ಆರ್-410ಎಯ ಒತ್ತಡ ಸುಮಾರು ಶೇ. 60ರಷ್ಟು ಹೆಚ್ಚಿದ್ದು, ಕಂಪ್ರೆಸರ್‌ಗೆ ಬೇಕಾದ ಎಣ್ಣೆಯೂ ಬೇರೆ. ಸುಲಭವಾಗಿ ಹೊತ್ತಿಕೊಳ್ಳುವ ಪ್ರೊಪೇನ್ ಅನಿಲವನ್ನು ತುಂಬಿಸಿದರೆ ಬೆಂಕಿಯ ಅಪಾಯವಿದೆ.

ಕಂಪ್ರೆಸರ್ ಅಥವಾ ಕಾಯಿಲ್ ಕೆಟ್ಟಿದ್ದರೆ ಹೊಸ ಏಸಿಯೇ ಲೇಸು. ಹಲವು ಹೊಸ ಏಸಿಗಳಲ್ಲಿರುವ ಶೀತಕ ಆರ್-32 ಅಲ್ಪಪ್ರಮಾಣದಲ್ಲಿ ಹೊತ್ತಿಕೊಳ್ಳುವ ಅನಿಲವಾದ್ದರಿಂದ, ಅದನ್ನು ಬಳಸುವ ಯಂತ್ರವನ್ನು ತರಬೇತಿ ಪಡೆದವರಿಂದಲೇ ಅಳವಡಿಸಿ. ಹಳೆಯದನ್ನು ಬಿಚ್ಚುವಾಗ ಅದರಲ್ಲಿನ ಅನಿಲವನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ತುಂಬಿಕೊಳ್ಳುವಂತೆ ಮೊದಲೇ ಕೇಳಿಕೊಳ್ಳಿ.