ರಿಕವರಿಯೇ ಕೈಕೊಟ್ಟರೆ ಏನು ಮಾಡಬೇಕು

ಜುಲೈ ತಿಂಗಳ ಒಂದು ರಾತ್ರಿ ಬ್ರಹ್ಮಾವರದಿಂದ ಭಾವನ ಫೋನ್ ಬಂತು. ಅಂಗಡಿಯ ಕಂಪ್ಯೂಟರಿನಲ್ಲಿ ವಿಂಡೋಸ್ ಅಪ್‌ಡೇಟ್ ಆಗ್ತಾ ಇತ್ತಂತೆ. ಅಷ್ಟರಲ್ಲಿ ಗುಡುಗು ಸಿಡಿಲು ಶುರುವಾಗಿ ಕರೆಂಟು ಹೋಯಿತು, ಯುಪಿಎಸ್ ಬ್ಯಾಟರಿ ಎರಡು ನಿಮಿಷವೂ ನಿಲ್ಲಲಿಲ್ಲ. ಕರೆಂಟು ಬಂದ ಮೇಲೆ ಬರೀ ಆಟೋಮ್ಯಾಟಿಕ್ ರಿಪೇರಿಯ ನೀಲಿ ಪರದೆ, ಅಂದರೆ ಕೆಟ್ಟ ವಿಂಡೋಸನ್ನು ಎಬ್ಬಿಸಲು ಇರುವ ರಿಕವರಿ. "ಎಂತ ಒತ್ತಿದರೂ ಅಲ್ಲಿಗೇ ಬಂದು ನಿಲ್ತದೆ ಮಾರಾಯ, ರಿಸೆಟ್ ಕೊಡ್ಲಾ?"

"ಬೇಡ ಭಾವ, ಏನೂ ಒತ್ಬೇಡಿ" ಅಂದೆ.

ನಮ್ಮ ಊರಲ್ಲಿ ಮಳೆಗಾಲದಲ್ಲಿ ಇಂಥ ಫೋನು ಜಾಸ್ತಿ. ಹೆಚ್ಚಿನವರು ಮಾಡುವ ತಪ್ಪು ಒಂದೇ. ರಿಪೇರಿ ಆಗಲಿಲ್ಲ ಅಂತ ಮತ್ತೆ ಮತ್ತೆ ಅದನ್ನೇ ಒತ್ತುತ್ತಾರೆ, ಕೊನೆಗೆ ಬೇಸತ್ತು ರಿಸೆಟ್ ಕೊಡುತ್ತಾರೆ, ಅಂದರೆ ವಿಂಡೋಸನ್ನೇ ಹೊಸದಾಗಿ ಹಾಕಿಸುತ್ತಾರೆ. ರಿಸೆಟ್‌ನಲ್ಲಿ "ಕೀಪ್ ಮೈ ಫೈಲ್ಸ್" ಆರಿಸಿದರೂ ನೀವು ಹಾಕಿಕೊಂಡ ಪ್ರೋಗ್ರಾಮುಗಳು ಹೋಗುತ್ತವೆ. ಅಂಗಡಿಯ ಲೆಕ್ಕ ಪ್ರೋಗ್ರಾಮಿನ ಫೋಲ್ಡರ್ ಒಳಗೇ ಇದ್ದರೆ ಅದು ಉಳಿಯುತ್ತದೆ ಅಂತ ನಂಬಿ ಕೂರಬೇಡಿ. ಅದಕ್ಕೇ ನನ್ನ ಕ್ರಮ ಹೀಗೆ: ಮೊದಲು ಫೈಲ್ ಹೊರಗೆ ತೆಗೆಯುವುದು, ಆಮೇಲೆ ಡಿಸ್ಕ್ ನೋಡುವುದು, ರಿಪೇರಿ ಕೊನೆಗೆ.

ವಿಂಡೋಸ್ ಏಳದಿದ್ದರೂ ಫೈಲ್ ತೆಗೆಯಬಹುದು. ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಕಮಾಂಡ್ ಪ್ರಾಂಪ್ಟ್ ಅಂತ ಹೋಗಿ. ಪರದೆಯೇ ಬರದಿದ್ದರೆ, ವಿಂಡೋಸ್ ಶುರುವಾಗುವಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದರೆ ಅದೇ ಬರುತ್ತದೆ. ಕಪ್ಪು ಕಿಟಕಿಯಲ್ಲಿ ನೋಟ್‌ಪ್ಯಾಡ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಅದರಲ್ಲಿ ಫೈಲ್, ಓಪನ್. ಕೆಳಗೆ ಟೆಕ್ಸ್ಟ್ ಡಾಕ್ಯುಮೆಂಟ್ಸ್ ಅಂತ ಇರುವ ಕಡೆ ಆಲ್ ಫೈಲ್ಸ್ ಮಾಡಿ. ಈಗ ಎಲ್ಲ ಡ್ರೈವ್‌ಗಳೂ ಕಾಣುತ್ತವೆ. ಎಕ್ಸ್ ಅಂತ ಇರುವುದು ರಿಕವರಿಯದ್ದೇ, ಅದರಲ್ಲಿ ನಿಮ್ಮದು ಏನೂ ಇಲ್ಲ. ಇಲ್ಲಿ ಅಕ್ಷರಗಳು ಅದಲು ಬದಲಾಗಿರುವುದೂ ಉಂಟು, ನಿಮ್ಮ ಸಿ ಡ್ರೈವ್ ಇಲ್ಲಿ ಡಿ ಅಂತ ಕಾಣಬಹುದು. ಯೂಸರ್ಸ್ ಫೋಲ್ಡರ್ ಒಳಗೆ ನಿಮ್ಮ ಹೆಸರು ಇದೆಯಾ ನೋಡಿ ಗುರುತು ಮಾಡಿಕೊಳ್ಳಿ. ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಕಾಪಿ. ಪೆನ್‌ಡ್ರೈವ್ ಒಳಗೆ ಹೋಗಿ ಪೇಸ್ಟ್.

ಇಲ್ಲೇ ತುಂಬ ಜನ ಹೆದರುವುದು. ಕಾಪಿ ಎಷ್ಟಾಯಿತು ಅಂತ ತೋರಿಸುವ ಹಸಿರು ಪಟ್ಟಿ ಇಲ್ಲಿ ಬರುವುದಿಲ್ಲ, ಕಿಟಕಿ ಸತ್ತೇ ಹೋದ ಹಾಗೆ ನಿಂತಿರುತ್ತದೆ. ಭಾವನೂ ಐದು ನಿಮಿಷಕ್ಕೆ "ಹ್ಯಾಂಗ್ ಆಯ್ತು, ಆಫ್ ಮಾಡ್ತೇನೆ" ಅಂದರು. "ಪೆನ್‌ಡ್ರೈವ್ ಲೈಟ್ ಮಿನುಗ್ತಾ ಉಂಟಾ?" ಕೇಳಿದೆ. "ಉಂಟು." "ಹಾಗಾದ್ರೆ ಬಿಡಿ, ಊಟ ಮಾಡಿ ಬನ್ನಿ." ಮುಕ್ಕಾಲು ಗಂಟೆ ಆದ ಮೇಲೆ ಮೂರು ವರ್ಷದ ಲೆಕ್ಕ ಪೆನ್‌ಡ್ರೈವಿನಲ್ಲಿತ್ತು.

ಡ್ರೈವ್ ತೆರೆಯುವ ಮೊದಲೇ 48 ಅಂಕಿಗಳ ಕೀ ಕೇಳಿದರೆ ಅದು ಬಿಟ್‌ಲಾಕರ್, ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನದ್ದೇ ವ್ಯವಸ್ಥೆ. ಈಗಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ನಮಗೆ ಗೊತ್ತಿಲ್ಲದೆಯೇ ಆನ್ ಆಗಿರುತ್ತದೆ. ಮೊಬೈಲಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಡಿವೈಸಸ್ ಅನ್ನುವಲ್ಲಿ ನೋಡಿ, ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಆ ಕೀ ಎಲ್ಲೂ ಇಲ್ಲದಿದ್ದರೆ ಫೈಲ್ ತೆಗೆಯಲು ದಾರಿ ಇಲ್ಲ. ದುಡ್ಡು ಕೊಟ್ಟರೆ ತೆಗೆದುಕೊಡ್ತೇವೆ ಅನ್ನುವವರನ್ನು ನಂಬಬೇಡಿ.

ಈಗ ಡಿಸ್ಕ್. ಕಾಪಿ ಮಾಡುವಾಗ ಒಂದೊಂದು ಫೈಲಿಗೂ ನಿಮಿಷಗಟ್ಟಲೆ ತಡೆದರೆ, ಟಕ್ ಟಕ್ ಸದ್ದು ಬಂದರೆ, ಡ್ರೈವ್ ಒಮ್ಮೆ ಕಂಡು ಒಮ್ಮೆ ಮಾಯವಾದರೆ ತೊಂದರೆ ವಿಂಡೋಸಿನದ್ದಲ್ಲ. ಅಂಥ ಡಿಸ್ಕ್ ಮೇಲೆ ಡಿಸ್ಕ್ ತಪಾಸಣೆಯ ಚೆಕ್‌ಡಿಸ್ಕ್ ಕಮಾಂಡ್ ಓಡಿಸಲೇಬೇಡಿ. ಸ್ಲ್ಯಾಶ್ ಆರ್ ಹಾಕಿದರೆ ಅದು ಇಡೀ ಡಿಸ್ಕನ್ನು ಮೊದಲಿಂದ ಕೊನೆತನಕ ಓದುತ್ತದೆ, ಸಾಯುತ್ತಿರುವ ಡಿಸ್ಕಿಗೆ ಅಷ್ಟು ಓಡಾಟವೇ ಸಾಕು. ಆಫ್ ಮಾಡಿ, ಬಿಚ್ಚಿ, ತಿಳಿದವರಿಗೆ ಕೊಡಿ.

ಕರಾವಳಿಯವರಿಗೆ ಇನ್ನೊಂದು ಮಾತು. ಮಲ್ಪೆ, ಕಾಪು, ಉಳ್ಳಾಲದಂಥ ಕಡೆ ಸಮುದ್ರದ ಉಪ್ಪುಗಾಳಿ, ಮೇಲಿಂದ ಮಳೆಗಾಲದ ತೇವ. ರ‍್ಯಾಮ್ ಕಾಲುಗಳ ಮೇಲೆ ಕಪ್ಪು ಕಟ್ಟುತ್ತದೆ, ಡಿಸ್ಕಿನ ಕೇಬಲ್ ಸಡಿಲಾಗುತ್ತದೆ, ರಿಪೇರಿ ಪ್ರತಿ ಸಲ ಬೇರೆ ಬೇರೆ ಕಡೆ ನಿಲ್ಲುತ್ತದೆ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿದು, ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ಪುಡಿ ಒರೆಸಿ, ಟಕ್ ಅನ್ನುವ ತನಕ ಒತ್ತಿ ಕೂರಿಸಿ. ಎಷ್ಟೋ ಕಂಪ್ಯೂಟರ್ ಇಷ್ಟಕ್ಕೇ ಎದ್ದದ್ದನ್ನು ನೋಡಿದ್ದೇನೆ.

ಡಿಸ್ಕ್ ಚೆನ್ನಾಗಿದ್ದರೆ ರಿಪೇರಿಗೆ ಕೈ ಹಾಕಿ. ಅಪ್‌ಡೇಟ್ ನಡುವೆ ನಿಂತದ್ದಾದರೆ ಅದೇ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಇದೆ, ಲೇಟೆಸ್ಟ್ ಕ್ವಾಲಿಟಿ ಅಪ್‌ಡೇಟ್ ಆರಿಸಿ. ಭಾವನಲ್ಲಿ ಅದೂ ಆಗಲಿಲ್ಲ. ಆಗ ಕಮಾಂಡ್ ಪ್ರಾಂಪ್ಟಿಗೆ ವಾಪಸ್ ಕಳಿಸಿ ಒಂದೊಂದೇ ಅಕ್ಷರ ಹೇಳಿದೆ: ಡಿ ಐ ಎಸ್ ಎಂ, ಸ್ಪೇಸ್, ಸ್ಲ್ಯಾಶ್ ಇಮೇಜ್, ಕೋಲನ್, ಸಿ, ಕೋಲನ್, ಬ್ಯಾಕ್‌ಸ್ಲ್ಯಾಶ್, ಸ್ಪೇಸ್, ಸ್ಲ್ಯಾಶ್ ಕ್ಲೀನಪ್ ಹೈಫನ್ ಇಮೇಜ್, ಸ್ಪೇಸ್, ಸ್ಲ್ಯಾಶ್ ರಿವರ್ಟ್ ಪೆಂಡಿಂಗ್ ಆಕ್ಷನ್ಸ್, ಕೊನೆಯ ಮೂರೂ ಸೇರಿಸಿ ಒಂದೇ ಪದ. ಸಿ ಇದ್ದ ಕಡೆ ನಿಮಗೆ ಕಂಡ ಡ್ರೈವಿನ ಅಕ್ಷರ ಹಾಕಿ. ಅರ್ಧಕ್ಕೆ ನಿಂತ ಅಪ್‌ಡೇಟನ್ನು ಇದು ಹಿಂದಕ್ಕೆ ತೆಗೆಯುತ್ತದೆ. ಇಪ್ಪತ್ತು ನಿಮಿಷ ತಗೊಂಡಿತು, ಆಮೇಲೆ ಕಂಪ್ಯೂಟರ್ ಎದ್ದಿತು.

ವಿಂಡೋಸನ್ನು ಹಿಂದಿನ ಸ್ಥಿತಿಗೆ ಒಯ್ಯುವ ಸಿಸ್ಟಮ್ ರಿಸ್ಟೋರ್ 80070005 ಅನ್ನುವ ಕೋಡ್ ಕೊಟ್ಟು ನಿಂತರೆ ಅದರರ್ಥ ಅನುಮತಿ ಇಲ್ಲ ಅಂತ. ಎಷ್ಟೋ ಸಲ ಅಡ್ಡ ಬರುವುದು ಆಂಟಿವೈರಸ್. ಅತಿ ಅಗತ್ಯದ್ದಷ್ಟೇ ಓಡುವ ಸೇಫ್ ಮೋಡಿನಿಂದಲೋ ಈ ನೀಲಿ ಪರದೆಯಿಂದಲೋ ಮಾಡಿ. ಹಿಂದಿನ ಸ್ಥಿತಿಯನ್ನು ಉಳಿಸಿಟ್ಟ ರಿಸ್ಟೋರ್ ಪಾಯಿಂಟೇ ಇಲ್ಲ ಅಂದರೆ ಹೆಚ್ಚಾಗಿ ಅದನ್ನು ಉಳಿಸುವ ಸಿಸ್ಟಮ್ ಪ್ರೊಟೆಕ್ಷನ್ ಆಫ್ ಇತ್ತು ಅಂತ, ಈಗ ಮಾಡುವಂಥದ್ದು ಏನಿಲ್ಲ.

ರಿಸೆಟ್ ಕೊಟ್ಟಾಗ ತೊಂದರೆಯಾಯಿತು, ಏನೂ ಬದಲಾಗಿಲ್ಲ ಅಂತ ಬಂದರೆ ಕಂಪ್ಯೂಟರಿನಲ್ಲಿರುವ ಫೈಲ್‌ಗಳಿಂದಲೇ ಹಾಕುವ ಲೋಕಲ್ ರೀಇನ್‌ಸ್ಟಾಲ್ ಬಿಟ್ಟು ಇಂಟರ್ನೆಟ್‌ನಿಂದ ಇಳಿಸಿಕೊಳ್ಳುವ ಕ್ಲೌಡ್ ಡೌನ್‌ಲೋಡ್ ನೋಡಿ. 4 ಜಿಬಿಗಿಂತ ಜಾಸ್ತಿ ಡೇಟಾ ಬೇಕಾಗಬಹುದು, ಮೊಬೈಲ್ ಹಾಟ್‌ಸ್ಪಾಟ್ ಆದರೆ ಲೆಕ್ಕ ಇಟ್ಟುಕೊಳ್ಳಿ. ಅದೂ ಆಗದಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಹಾಕಿ, 8 ಜಿಬಿ ಅಥವಾ ದೊಡ್ಡದರಲ್ಲಿ ವಿಂಡೋಸ್ ಹಾಕುವ ಪೆನ್‌ಡ್ರೈವ್ ತಯಾರಿಸಿ. ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಫೈಲ್ ತೆಗೆದ ಪೆನ್‌ಡ್ರೈವನ್ನೇ ಇದಕ್ಕೆ ಬಳಸಬೇಡಿ! ಪೆನ್‌ಡ್ರೈವಿನಿಂದ ಬೂಟ್ ಆದಾಗ ಡಿಸ್ಕೇ ಕಾಣದಿದ್ದರೆ ಗಾಬರಿ ಬೇಡ. ಇಂಟೆಲ್ 11ನೇ ತಲೆಮಾರಿನ ಮತ್ತು ಅದರ ನಂತರದ ಪ್ರೊಸೆಸರ್ ಇರುವ ಹಲವು ಲ್ಯಾಪ್‌ಟಾಪ್‌ಗಳಿಗೆ ಇಂಟೆಲ್ ಸ್ಟೋರೇಜ್ ಡ್ರೈವರ್ ಕೊಡಬೇಕಾಗುತ್ತದೆ, ಅದು ಲ್ಯಾಪ್‌ಟಾಪ್ ಕಂಪನಿಯ ಸೈಟಿನಲ್ಲೇ ಸಿಗುತ್ತದೆ.

ನೀಲಿ ಪರದೆಯಲ್ಲಿ ಯುಎಸ್‌ಬಿ ಮೌಸ್, ಕೀಬೋರ್ಡ್ ಎರಡೂ ಸತ್ತಿವೆಯಾ? 2025ರ ಅಕ್ಟೋಬರ್‌ನ ವಿಂಡೋಸ್ 11 ಅಪ್‌ಡೇಟಿನಿಂದ ನಿಜಕ್ಕೂ ಹಾಗೆ ಆಗಿತ್ತು, ಮೈಕ್ರೋಸಾಫ್ಟ್ ಅದೇ ತಿಂಗಳ 20ಕ್ಕೆ ಸರಿಪಡಿಸಿತು. ಹಾಗೇ ಸಿಕ್ಕಿಹಾಕಿಕೊಂಡ ಕಂಪ್ಯೂಟರಿಗೆ ಮೇಲೆ ಹೇಳಿದ ಪೆನ್‌ಡ್ರೈವ್ ಒಂದು ದಾರಿ.

ಕಂಪ್ಯೂಟರ್ ಎದ್ದ ದಿನವೇ ಒಂದು ಕೆಲಸ ಮಾಡಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ರಿಏಜೆಂಟ್‌ಸಿ, ಅಂದರೆ ಆರ್ ಇ ಎ ಜಿ ಇ ಎನ್ ಟಿ ಸಿ, ಸ್ಪೇಸ್, ಸ್ಲ್ಯಾಶ್ ಇನ್ಫೋ ಅಂತ ಹಾಕಿ, ರಿಕವರಿ ಆನ್ ಇದೆಯಾ ಅಂತ ತಿಳಿಯುತ್ತದೆ. ಡಿಸೇಬಲ್ಡ್ ಅಂತ ಬಂದರೆ ಇನ್ಫೋ ಬದಲು ಎನೇಬಲ್ ಹಾಕಿ. ಡಿಸ್ಕಿನಲ್ಲಿ ರಿಕವರಿಗೆ ಬಿಟ್ಟ ಭಾಗ, ಅಂದರೆ ರಿಕವರಿ ಪಾರ್ಟಿಷನ್, ಚಿಕ್ಕದಾದರೂ ಕಷ್ಟ. 2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ಕೆಬಿ5034441 ಅಪ್‌ಡೇಟ್ ಎಷ್ಟೋ ಜನರಲ್ಲಿ ಫೇಲ್ ಆದದ್ದು ಅಲ್ಲಿ 250 ಎಂಬಿ ಖಾಲಿ ಜಾಗ ಇರಲಿಲ್ಲ ಅಂತಲೇ.

ಭಾವ ಮರುದಿನವೇ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದರು. ಅಕ್ಕ ಬಿಟ್‌ಲಾಕರ್ ಕೀಯ 48 ಅಂಕಿಗಳನ್ನು ಅಂಗಡಿಯ ಸಾಲದ ಪುಸ್ತಕದ ಕೊನೇ ಪುಟದಲ್ಲಿ ಬರೆದು, ನನಗೆ ಫೋನ್ ಮಾಡಿ ಎರಡು ಸಲ ಓದಿಸಿ ತಾಳೆ ನೋಡಿದಳು.